ಹೆಂಡ್ರಿಕ್ ಅಜ್ಜನ ಹುಟ್ಟೂರು

ಯೋಗ್ಯಕರ್ತದ ಆ ಹಳೆಯ ಗ್ರಂಥಾಲಯದಲ್ಲಿ ಸಬರಿನ್‌ನನ್ನು ನಾನು ಜೆರಾಕ್ಸ್ ಮಾಡುವವನೆಂದು ತಿಳಿದೆ. ಕಾಗದದ ಕಟ್ಟನ್ನು ಅವನ ಕೈಗಿಟ್ಟು, "ಎರಡೆರಡು ಕಾಪಿ, ಸ್ವಲ್ಪ ಬೇಗ" ಎಂದೆ. ಅವನು ತುಟಿ ಬಿಚ್ಚದೆ ಎಲ್ಲವನ್ನೂ ತೆಗೆದುಕೊಟ್ಟ.

"ಡಚ್ ಓದೋಕೆ ಬರೋ ಸಬರಿನ್ ಅನ್ನೋರು ಎಲ್ಲಿ ಕೂರ್ತಾರೆ?" ಎಂದು ಆಮೇಲೆ ಕೌಂಟರಿನ ಹುಡುಗಿಯನ್ನು ಕೇಳಿದೆ.

"ಈಗಷ್ಟೇ ನಿಮಗೆ ಕಾಪಿ ತೆಗೆದುಕೊಟ್ರಲ್ಲ, ಅವರೇ."

ನನ್ನ ಕಿವಿ ಬಿಸಿಯಾಯಿತು. ಸಬರಿನ್ ನಗಲಿಲ್ಲ, ಕಣ್ಣಂಚು ಮಾತ್ರ ಕೊಂಚ ಸುಕ್ಕಾಯಿತು. ಆ ಸುಕ್ಕನ್ನು ಇನ್ನೊಮ್ಮೆ ನೋಡಬೇಕೆಂದು ಅನಿಸಿದ್ದು ನಿಜ.

ನಾನು ಹುಡುಕುತ್ತಿದ್ದುದು ನನ್ನಜ್ಜಿಯ ಅಜ್ಜನ ಊರನ್ನು. ಹೆಂಡ್ರಿಕ್ ಲುಟ್ಸ್ ಜರ್ಮನಿಯವನು. ಡಚ್ಚರ ಸೈನ್ಯಕ್ಕೆ ಸೇರಿ ನಮ್ಮ ದ್ವೀಪಗಳಿಗೆ ಬಂದ. ಬಂದೂಕು ಕೆಳಗಿಟ್ಟ ಮೇಲೆ ಗೊಂಬೊಂಗ್‌ನಲ್ಲಿ ಜಾವಾದ ಹೆಣ್ಣನ್ನು ಮದುವೆಯಾಗಿ ಬ್ರೆಡ್ ಸುಡುತ್ತಾ ಅಲ್ಲೇ ಉಳಿದ. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಒಂದೇ ಆಸೆ. "ವೆನಿಂಗ್, ಅಷ್ಟು ಒಳ್ಳೆಯವರು ಯಾವ ಊರಿನವರು ಅಂತ ಒಂದು ಸಲ ತಿಳ್ಕೊಂಡು ಹೇಳೇ."

ಮೂರು ತಿಂಗಳು, ಪ್ರತಿ ಶನಿವಾರ, ನಾವಿಬ್ಬರೂ ಒಂದೇ ಮೇಜಿಗೆ ತಲೆ ಬಗ್ಗಿಸಿದೆವು. ಅವನು ದೂರದ ಅಚೆ ಪ್ರಾಂತ್ಯದ ಗಾಯೊ ಬೆಟ್ಟದವನು, ಕಾಫಿ ಬೆಳೆಯುವ ಮನೆ. ವಯಸ್ಸಿನಲ್ಲಿ ಹಿರಿಯ ಗೆಳೆಯನನ್ನು ಸಲುಗೆಯಿಂದ ಕರೆಯುವಂತೆ ನಾನು ಅವನನ್ನು ಬಾಂಗ್ ಎಂದು ಕರೆಯತೊಡಗಿದೆ.

"ನಿಮ್ಮ ಮೂಗು ಮಾತ್ರ ಜರ್ಮನ್" ಎಂದ ಒಂದು ದಿನ.

"ಮಿಕ್ಕಿದ್ದು, ಬಾಂಗ್?"

"ಮಿಕ್ಕಿದ್ದನ್ನ ಇನ್ನೂ ಓದ್ತಾ ಇದೀನಿ."

ಆ ದಿನ ನಾನು ಒಂದಕ್ಷರವನ್ನೂ ಓದಲಿಲ್ಲ.

ಕೊನೆಗೆ ಹಾಲೆಂಡಿನಿಂದ ಅಜ್ಜನ ಸೇವಾ ದಾಖಲೆಯ ಪ್ರತಿ ಬಂತು. ಸಬರಿನ್ ಬೆರಳಿಟ್ಟು ಓದಿದ. ಹುಟ್ಟೂರು ಲಿಂಡೆನ್‌ವೈಲರ್, ತಂದೆ ಬಡಗಿ. ನಾನು ಅಲ್ಲೇ ಅಜ್ಜಿಗೆ ಫೋನ್ ಮಾಡಿದೆ. ಅಜ್ಜಿ ಆ ಹೆಸರನ್ನು ನಾಲ್ಕು ಸಲ ನನ್ನ ಬಾಯಲ್ಲಿ ಹೇಳಿಸಿದಳು. ಫೋನ್ ಇಟ್ಟಾಗ ಸಬರಿನ್‌ನ ಬೆರಳು ಮುಂದಿನ ಸಾಲಿನ ಮೇಲೆ ನಿಂತುಬಿಟ್ಟಿತ್ತು.

"ಏನಿದೆ ಅಲ್ಲಿ?"

"ನೀರು ಬಿದ್ದು ಅಳಿಸಿದೆ."

ಮಸಿ ಕಪ್ಪಗೆ, ಸ್ಪಷ್ಟವಾಗಿತ್ತು. 1904 ಎಂಬ ಅಂಕಿ, ಅದರ ಪಕ್ಕದಲ್ಲಿ ಗಾಯೊ ಎಂಬ ಹೆಸರು ನನಗೇ ಕಾಣುತ್ತಿದ್ದವು. ಆದರೆ ಅವನ ಮುಖ ನೋಡಿ ಕೇಳುವ ಧೈರ್ಯ ಬರಲಿಲ್ಲ.

ಮುಂದಿನ ಎರಡು ಶನಿವಾರ ಅವನು ಬರಲಿಲ್ಲ. ಮೂರನೆಯದಕ್ಕೆ ನಾನೇ ಅವನ ಬಾಡಿಗೆ ಕೋಣೆಗೆ ಹೋದೆ.

"ಸುಳ್ಳು ಯಾಕೆ ಹೇಳಿದೆ, ಬಾಂಗ್?"

ಅವನು ನೆಲ ನೋಡುತ್ತಾ ಹೇಳಿದ. "ಕುತೆ ಮೆಲಾಲೆ ಅಂತ ನಮ್ಮ ಹಳ್ಳಿ. ಸುತ್ತ ಬಿದಿರಿನ ಬೇಲಿ ಇತ್ತು. ಸೈನ್ಯ ಒಳಗೆ ಬಂದಾಗ ಗಂಡಸರ ಜೊತೆ ಹೆಂಗಸರು, ಮಕ್ಕಳು ಎಲ್ಲರನ್ನೂ ಕೊಂದ್ರು. ನಮ್ಮಮ್ಮನ ಅಜ್ಜಿಗೆ ಆಗ ನಾಲ್ಕು ವರ್ಷ. ಸತ್ತ ತಾಯಿಯ ಕೆಳಗೆ ಸಿಕ್ಕಿ ಬದುಕ್ಕೊಂಡ್ಲು. ಬೇಲಿ ಮೊದಲು ಹತ್ತಿದವನು ಅಂತ ನಿಮ್ಮಜ್ಜನಿಗೆ ಪದಕ ಕೊಟ್ಟಿದಾರೆ. ಅಲ್ಲಿ ಬರೆದಿರೋದು ಅಷ್ಟೇ."

ಹೊರಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಅಜ್ಜಿ ಬಾಯಿ ತುಂಬ ಹೊಗಳುತ್ತಿದ್ದ ಅಜ್ಜನ ಬ್ರೆಡ್ ಸುಡುವ ಕೈಗಳೇ ನನಗೆ ನೆನಪಾದವು.

"ಓದಿದ್ರೆ ನಿನ್ನನ್ನ ಕಳ್ಕೋತೀನಿ ಅನ್ನಿಸ್ತು" ಎಂದ. "ನಿನ್ನ ಮೇಲೆ ಆಸೆ ಇಟ್ಕೊಂಡು ಬಹಳ ದಿನ ಆಯ್ತು, ವೆನಿಂಗ್."

ಎಷ್ಟೋ ದಿನದಿಂದ ಕಾದಿದ್ದ ಮಾತು ಬಂದದ್ದು ಹೀಗೆ.

"ನಿಮ್ಮಮ್ಮನಿಗೆ ನಾನೇ ಹೇಳ್ಬೇಕು" ಎಂದೆ. ಅವನು ಬೇಡವೆಂದ. ನಾನು ಕೇಳಲಿಲ್ಲ.

ಇಬ್ಬರೂ ಗಾಯೊ ಬೆಟ್ಟದ ಅವನ ಮನೆಗೆ ಹೋದೆವು. ಅವನ ತಾಯಿಯನ್ನು ಅಲ್ಲಿಯವರಂತೆ ನಾನೂ ಇನೆ, ಅಂದರೆ ಅಮ್ಮ, ಎಂದೆ. ಅವರು ನನಗೆ ಮೀನಿನ ಹುಳಿ ಬಡಿಸಿ, ನಾನು ಉಂಡು ಕೈ ತೊಳೆಯುವವರೆಗೂ ಏನೂ ಕೇಳಲಿಲ್ಲ. ಎಲ್ಲ ಹೇಳಿದೆ. ಅವರು ಎದ್ದು ಕತ್ತಿ ತೆಗೆದುಕೊಂಡರು. ಸಬರಿನ್ ಬೆಚ್ಚಿ ಎದ್ದುನಿಂತ.

"ಕೂತ್ಕೊಳೋ. ಹುಲ್ಲು ಬೆಳೆದಿದೆ" ಎಂದರು ಅವನಿಗೆ. ನನಗೆ, "ಬಾ, ಇಪಕ್." ಅಲ್ಲಿ ಹೆಣ್ಣುಮಗಳನ್ನು ಹಾಗೆ ಕರೆಯುತ್ತಾರೆ.

ತೋಟದಾಚೆ ಒಂದು ಉದ್ದನೆಯ ದಿಬ್ಬ, ಅಂದು ಸತ್ತವರೆಲ್ಲರಿಗೂ ಒಂದೇ ಗೋರಿ. ಹೆಸರಿಲ್ಲ, ಕಲ್ಲಿಲ್ಲ. ಇನೆ ಹುಲ್ಲು ಕೊಯ್ದರು, ನಾನು ಬಾಚಿದೆ. ಹುಲ್ಲಿನಂಚಿಗೆ ನನ್ನ ಬೆರಳು ಕೊಯ್ದು ರಕ್ತ ಬಂದರೂ ಇಬ್ಬರೂ ನಿಲ್ಲಿಸಲಿಲ್ಲ.

"ನಿಮ್ಮಜ್ಜ ಎಷ್ಟು ವರ್ಷ ಬದುಕಿದ್ದ?" ಇನೆ ಕೇಳಿದರು.

"ಎಪ್ಪತ್ತೊಂದು."

"ಮಕ್ಕಳು?"

"ಏಳು."

ಇನೆ ಕತ್ತಿಯನ್ನು ಹುಲ್ಲಿಗೆ ಒರೆಸಿದರು. "ನಮ್ಮಜ್ಜಿಗೆ ಅಕ್ಕ ಅಣ್ಣಂದಿರು ಐದು ಜನ. ಅವರಿಗೂ ಏಳೇಳು ಆಗ್ತಿತ್ತೇನೋ."

ನಾನು ಹುಲ್ಲು ಬಾಚುತ್ತಲೇ ಇದ್ದೆ.

"ನಿನ್ನದೇನೂ ತಪ್ಪಿಲ್ಲ, ಇಪಕ್. ನೀನು ಹೇಳದೆ ಇರಬಹುದಿತ್ತು, ಹೇಳಿದೆ. ಆದ್ರೆ ನಾಳೆ ನನ್ನ ಮಗನ ತೊಟ್ಟಿಲಲ್ಲಿ ಆ ಮೂಗಿನ ಮಗು ಮಲಗಿದ್ರೆ, ಎತ್ಕೊಳ್ಳೋಕೆ ನನ್ನ ಕೈ ಬರುತ್ತೋ ಇಲ್ವೋ. ಬರಲ್ಲ ಅಂತಲೇ ಭಯ."

ಮರುದಿನ ಬೆಳಿಗ್ಗೆ ಮೇದಾನ್ ನಗರದ ಬಸ್ಸು ಹತ್ತಿದೆ. ಬೀಳ್ಕೊಡಲು ಬಂದಿದ್ದ ಸಬರಿನ್ ಚೀಲವೂ ಇಲ್ಲದೆ ಹತ್ತಿ ಪಕ್ಕದಲ್ಲಿ ಕೂತ.

"ಬೆಟ್ಟದ ಬುಡದ ಬಿರುಏನ್ ತನಕ" ಎಂದ.

"ಆಮೇಲೆ?"

"ನೀನು ಹೇಳಿದ ಹಾಗೆ."

ಬೆಟ್ಟ ಇಳಿಯುವ ಮೂರು ಗಂಟೆಯೂ ನನ್ನ ಗಾಯದ ಬೆರಳುಗಳು ಅವನ ಅಂಗೈಯಲ್ಲಿದ್ದವು. ಅಷ್ಟು ಹೊತ್ತು ನಾನು ಅವನ ಹೆಂಡತಿಯಾಗಿದ್ದೆ ಎಂದುಕೊಂಡೆ.

ಬಿರುಏನ್ ಬಂತು. "ಇಳಿ, ಬಾಂಗ್" ಎಂದೆ. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿ ಇಳಿದ. ರಸ್ತೆ ದಾಟಿ, ಬೆಟ್ಟಕ್ಕೆ ಹೋಗುವ ವ್ಯಾನುಗಳ ಕಡೆ ನಿಧಾನವಾಗಿ ನಡೆದ, ಕರೆದರೆ ಕೇಳಿಸುವಷ್ಟು ನಿಧಾನವಾಗಿ. ಕಿಟಕಿ ತೆರೆದೇ ಇತ್ತು. ನಾನು ಕರೆಯಲಿಲ್ಲ.