ಹೊಂಬಣ್ಣದ ಚುಕ್ಕೆ

ಬಹಳ ಹಿಂದೆ ಕಗ್ಗಲ್ಲುಸೀಮೆ ಎಂಬ ರಾಜ್ಯವಿತ್ತು. ಅಲ್ಲೊಂದು ದೊಡ್ಡಿ. ದ್ಯಾವಮ್ಮ ಎಂಬ ಮುದುಕಿ ಅದನ್ನು ನೋಡಿಕೊಳ್ಳುತ್ತಿದ್ದಳು.

ದೊಡ್ಡಿಯಲ್ಲಿ ಆರು ಕೊಂಬಿನ ಟಗರಿತ್ತು. ಹೆಸರು ಗಗ್ಗರ. ನವಿಲುಗರಿಯ ಬಾಲದ ಕರುವಿತ್ತು. ಗಾಡಿಯಷ್ಟು ದೊಡ್ಡ ಆಮೆಯಿತ್ತು. ಅದರ ಬೆನ್ನ ಮೇಲೆ ಹತ್ತು ಮಕ್ಕಳು ಕೂರಬಹುದಿತ್ತು. ಒಂದು ಕತ್ತೆಗೆ ಮಾತು ಬರುತ್ತಿತ್ತು. ಮನಸ್ಸಾದಾಗ ಮಾತ್ರ ಆಡುತ್ತಿತ್ತು.

ಸುಗ್ಗಿ ಮುಗಿದರೆ ಜನ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಿದ್ದರು. ಒಂದು ಪದ್ಧತಿಯಿತ್ತು. ಅಂಗೈಯಲ್ಲಿ ಚಿಟಿಕೆ ಉಪ್ಪು ಹಿಡಿದು ನಿಲ್ಲಬೇಕು. ಪ್ರಾಣಿ ಬಂದು ನೆಕ್ಕಿದರೆ ಅದನ್ನು ಮುಟ್ಟಬಹುದು, ಮೈದಡವಬಹುದು, ಬೆನ್ನೇರಬಹುದು. ಮುಖ ತಿರುಗಿಸಿದರೆ ಸುಮ್ಮನೆ ಮನೆಗೆ ಹೋಗಬೇಕು. ನೆಕ್ಕಿದ ಅಂಗೈಯಲ್ಲಿ ಹೊಂಬಣ್ಣದ ಚುಕ್ಕೆಯೊಂದು ಮೂಡುತ್ತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಜನ ಬಿಡಲಿಲ್ಲ. ಚುಕ್ಕೆಯಿದ್ದವನು ಒಳ್ಳೆಯವನು ಎಂದು ಮಾತು ಕಟ್ಟಿದರು. ಪ್ರಾಣಿಗಳು ಹಾಗೆಂದಿರಲಿಲ್ಲ. ಆದರೂ ಚುಕ್ಕೆ ನೋಡಿ ಹೆಣ್ಣು ಕೊಟ್ಟರು. ಚುಕ್ಕೆ ನೋಡಿ ಸಾಕ್ಷಿ ನಂಬಿದರು. ಚುಕ್ಕೆ ನೋಡಿ ಊರಗೌಡಿಕೆ ಕೊಟ್ಟರು. ಚುಕ್ಕೆ ಸಿಗದವರು ಹೊಟ್ಟೆ ಉರಿದುಕೊಂಡರು. ಕೊನೆಗೆ ಉದ್ದಂಡಯ್ಯ ಎಂಬ ಮಾಂತ್ರಿಕನ ಬಳಿ ಹೋದರು.

"ಇದೊಂದು ಕೆಲಸವೇ?" ಎಂದ ಉದ್ದಂಡಯ್ಯ.

ದೊಡ್ಡಿಗೆ ಬಂದ. ಒಂದೇ ಕರಿದಾರವನ್ನು ಎಲ್ಲ ಪ್ರಾಣಿಗಳ ಕೊರಳಿಗೂ ಸುತ್ತಿದ. ಗಗ್ಗರನ ಕೊರಳಲ್ಲಿ ಗಂಟು ಹಾಕಿ ಮಂತ್ರ ಹೇಳಿದ. ಕೊರಳಿಂದ ಕೊರಳಿಗೆ ಹೋದ ದಾರ ಕಣ್ಣಿಗೆ ಕಾಣದಾಯಿತು. ಕೊರಳ ಸುತ್ತಿನದು ಮಾತ್ರ ಉಳಿಯಿತು. ಅಂದಿನಿಂದ ಯಾವ ಪ್ರಾಣಿಗೂ ಮುಖ ತಿರುಗಿಸಲು ಆಗಲಿಲ್ಲ. ಉಪ್ಪು ಇದ್ದರೂ ನೆಕ್ಕಿದವು, ಇಲ್ಲದಿದ್ದರೂ ನೆಕ್ಕಿದವು. ಕತ್ತೆಯ ಬಾಯಲ್ಲಿ ಎರಡೇ ಮಾತು ಉಳಿಯಿತು. "ಬನ್ನಿ ಬನ್ನಿ."

ಜನಕ್ಕೆ ಹಬ್ಬವಾಯಿತು. ಕಳ್ಳ ಬಂದ, ಚುಕ್ಕೆ ಪಡೆದ. ಹೆಂಡತಿಯನ್ನು ಬಡಿಯುವವನು ಬಂದ, ಚುಕ್ಕೆ ಪಡೆದ. ಗಡಿಕಲ್ಲು ಸರಿಸಿದವನು ಎರಡೂ ಕೈಗೆ ಪಡೆದ. ಮಕ್ಕಳಿಗೆ ಪ್ರಾಣಿಗಳನ್ನು ತೋರಿಸಿ, "ನೋಡು, ಎಷ್ಟು ಸಾಧು!" ಎಂದರು. ಥೂ.

ಆ ವರ್ಷವೂ ಮಾಳಿಂಗ ದೊಡ್ಡಿಗೆ ಬಂದ. ಅವನು ಎತ್ತುಗಳಿಗೆ ಲಾಳ ಕಟ್ಟುವ ಹುಡುಗ. ವರ್ಷಕ್ಕೊಮ್ಮೆ ಅಲ್ಲಿಯ ಪ್ರಾಣಿಗಳ ಬೆಳೆದ ಗೊರಸು ಕತ್ತರಿಸಿ ಹೋಗುತ್ತಿದ್ದ. ಗಗ್ಗರನ ಕಾಲು ಹಿಡಿದವನು ಮೇಲೆ ನೋಡಿದ. ಟಗರಿನ ನಾಲಿಗೆ ಸೀಳಿತ್ತು. ರಕ್ತ ತೊಟ್ಟಿಕ್ಕುತ್ತಿತ್ತು.

"ಏನಜ್ಜಿ ಇದು?"

"ಮೂರು ದಿನದಿಂದ ಮೇವು ಮುಟ್ಟಿಲ್ಲ ಕಣಪ್ಪ," ಎಂದಳು ದ್ಯಾವಮ್ಮ. "ನಾಲಿಗೆ ಎತ್ತೋಕಾಗ್ತಿಲ್ಲ. ಆದರೂ ಕೈ ಕಂಡರೆ ನೆಕ್ತಾನೆ. ಇನ್ನೆರಡು ದಿನ ಬದುಕಿದರೆ ಹೆಚ್ಚು."

"ದಾರ ಕಿತ್ತು ಬಿಸಾಕೋದಲ್ವಾ?"

ಅವಳು ಕೈ ತೋರಿಸಿದಳು. ಬೆರಳೆಲ್ಲ ಸುಟ್ಟಿತ್ತು. "ಕಟ್ಟಿದವನೇ ಬಿಚ್ಚಬೇಕಂತೆ. ಬಿಚ್ಚಿದ ಮೇಲೆ ಮತ್ತೆ ಕಟ್ಟಿದರೆ ಅದು ಬರೀ ನೂಲು."

ಮಾಳಿಂಗ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗೊರಸಿನ ಕತ್ತಿಯನ್ನು ದಾರಕ್ಕೆ ಹಾಕಿ ಎಳೆದ. ಕತ್ತಿ ಮೇಣದಂತೆ ಕರಗಿ ನೆಲಕ್ಕೆ ಸೋರಿತು. ಅದು ಮೊದಲ ಸೋಲು.

ಟಗರನ್ನು ಹೆಗಲ ಮೇಲೆ ಹೊತ್ತ. ಹರದಾರಿ ದೂರ ನಡೆದು ಗುಡ್ಡ ದಾಟಿದ. ಇಳಿಸಿ ಸುತ್ತ ನೋಡಿದರೆ ಎದುರಿಗೆ ಅದೇ ದೊಡ್ಡಿಯ ಬಾಗಿಲು. ಅದು ಎರಡನೆಯ ಸೋಲು.

ಬಾಗಿಲಲ್ಲಿ ಉದ್ದಂಡಯ್ಯ ನಿಂತಿದ್ದ. ಹಿಂದೆ ಜನವೋ ಜನ.

"ಏನೋ ಲಾಳದವನೇ, ಟಗರು ಕದೀತೀಯಾ?" ಎಂದ. ಜನ ನಕ್ಕರು.

"ಇದು ಸಾಯ್ತಾ ಇದೆ. ದಾರ ಬಿಚ್ಚು."

"ಸತ್ತರೆ ಇನ್ನೊಂದು ತರೋಣ. ಜನ ಸಂತೋಷವಾಗಿದ್ದಾರೆ. ನಿನಗೇನು ಸಂಕಟ?"

ಮಾಳಿಂಗನ ಮೈ ಉರಿಯಿತು. ಕೈ ಎತ್ತಿದವನು ಇಳಿಸಿದ. ಹೊಡೆದರೆ ದಾರ ಬಿಚ್ಚಿಕೊಳ್ಳುವುದಿಲ್ಲ. ಸ್ವಲ್ಪ ಯೋಚಿಸಿದ. ಆಮೇಲೆ ಕೇಳಿದ.

"ಅಯ್ಯಾ, ಎಲ್ಲರ ಕೈಯಲ್ಲೂ ಚುಕ್ಕೆ ಇದೆ. ನಿನ್ನದೆಲ್ಲಿ?"

ಉದ್ದಂಡಯ್ಯ ಗಗ್ಗರನ ಮುಂದೆ ಕೈ ಚಾಚಿದ. ಪಾಪದ ಟಗರು ನೆಕ್ಕಿತು. ಚುಕ್ಕೆ ಮೂಡಿತು. "ಇಗೋ!"

"ಅದು ದಾರದ ಚುಕ್ಕೆ. ದಾರ ಇದ್ದರೆ ಬೀಸುವ ಕಲ್ಲನ್ನೂ ನೆಕ್ಕುತ್ತೆ. ದಾರ ಇಲ್ಲದೆ ನೆಕ್ಕಿಸಿಕೊಳ್ಳೋ ಧೈರ್ಯ ನಿನಗಿಲ್ಲ."

ಜನರ ನಡುವಿಂದ ಒಬ್ಬ ಹೆಂಗಸು ಮುಂದೆ ಬಂದಳು. "ಹಾಗಾದ್ರೆ ನನ್ನ ಅಳಿಯನ ಚುಕ್ಕೆ?" ಎಂದಳು. "ಹೋದ ತಿಂಗಳು ಚುಕ್ಕೆ ನೋಡೇ ಮಗಳನ್ನ ಕೊಟ್ಟೆ!"

"ನಮ್ಮ ಗೌಡಂದು?" ಎಂದ ಇನ್ನೊಬ್ಬ.

"ಮೊದಲು ಇವನದ್ದು ನೋಡೋಣ," ಎಂದ ಮತ್ತೊಬ್ಬ. "ಬಿಚ್ಚಯ್ಯ!"

ಉದ್ದಂಡಯ್ಯನ ಮುಖ ಕೆಂಪಾಯಿತು. ಅವನಿಗೆ ಬುದ್ಧಿಗಿಂತ ಬಿಗುಮಾನ ದೊಡ್ಡದು. "ನನ್ನ ಕೈಯನ್ನು ಬೇಡವೆನ್ನುವ ಪ್ರಾಣಿ ಇನ್ನೂ ಹುಟ್ಟಿಲ್ಲ," ಎಂದು ಗಂಟು ಬಿಚ್ಚಿದ. ದಾರ ಎಲ್ಲ ಕೊರಳುಗಳಿಂದ ಒಟ್ಟಿಗೆ ಜಾರಿ ಬಿತ್ತು.

ಅವನು ಉಪ್ಪು ಹಿಡಿದು ಕೈ ಚಾಚಿದ.

ಗಗ್ಗರ ಅವನನ್ನು ನೋಡಿತು. ಮುಖ ತಿರುಗಿಸಿತು.

ಉದ್ದಂಡಯ್ಯ ಕರುವಿನ ಬಳಿ ಹೋದ. ಕರು ಗರಿ ಬಿಚ್ಚಿ ಬೆನ್ನು ತೋರಿಸಿತು.

ಆಮೆಯ ಬಳಿ ಹೋದ. ಆಮೆ ತಿರುಗಲು ಬಹಳ ಹೊತ್ತು ಹಿಡಿಯಿತು. ಜನ ಉಸಿರು ಹಿಡಿದು ಕಾದರು. ಪೂರ್ತಿ ತಿರುಗಿತು.

ಕತ್ತೆ ಮಾತ್ರ ಅವನ ಕೈ ಮೂಸಿತು. ಉದ್ದಂಡಯ್ಯ ಹಲ್ಲು ಕಿರಿದ.

"ತೊಳಕೊಂಡು ಬಾ," ಎಂದಿತು ಕತ್ತೆ.

ಜನ ಬಿದ್ದು ಬಿದ್ದು ನಕ್ಕರು. ಉದ್ದಂಡಯ್ಯ ದಾರ ಎತ್ತಿ ಕಟ್ಟಲು ನೋಡಿದ. ಅದು ಬರೀ ನೂಲು. ಮಂತ್ರ ಹೇಳಲು ಬಾಯಿ ತೆರೆದ. ನಗೆಪಾಟಲಾದ ಮಾಂತ್ರಿಕನಿಗೆ ಮಂತ್ರ ನಾಲಿಗೆಯಲ್ಲಿ ನಿಲ್ಲುವುದಿಲ್ಲ. ಅವನು ಗುಡ್ಡದ ಕಡೆ ಓಡಿದ. ಕಗ್ಗಲ್ಲುಸೀಮೆಗೆ ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಬಲವಂತದ ಚುಕ್ಕೆಗಳೆಲ್ಲ ಅಳಿದುಹೋದವು. ಜನ ಅಂಗೈ ನೋಡಿಕೊಂಡರು. ನಗು ನಿಂತಿತು.

"ಮಾಂತ್ರಿಕನನ್ನು ಕರೆದವರು ಯಾರು?" ಎಂದಳು ದ್ಯಾವಮ್ಮ. "ಅದರ ನಾಲಿಗೆ ಹರಿಯೋದು ಕಾಣಲಿಲ್ವಾ? ನೂರು ಜೊತೆ ಕಣ್ಣಿತ್ತಲ್ಲ!"

ಜನ ಒಬ್ಬೊಬ್ಬರಾಗಿ ಹೋದರು. ಅಳಿಯನ ಚುಕ್ಕೆಯ ಮಾತೆತ್ತಿದ ಹೆಂಗಸು ಎಲ್ಲರಿಗಿಂತ ಬೇಗ ಹೋದಳು, ಮಗಳನ್ನು ನೋಡಲು. ಅಂದಿನಿಂದ ಆ ರಾಜ್ಯದಲ್ಲಿ ಚುಕ್ಕೆ ನೋಡಿ ಹೆಣ್ಣು ಕೊಡುವುದು ನಿಂತಿತು. ಮನುಷ್ಯನನ್ನು ನೋಡಿ ಕೊಟ್ಟರು.

ಮಾಳಿಂಗ ದೊಡ್ಡಿಯಲ್ಲೇ ಉಳಿದ. ದಿನವೂ ಗಗ್ಗರನ ನಾಲಿಗೆಗೆ ಬೆಣ್ಣೆ ಸವರಿದ, ಗಂಜಿ ಕುಡಿಸಿದ. ಹದಿನೈದು ದಿನಕ್ಕೆ ಗಾಯ ಮಾಯಿತು. ಟಗರು ಎದ್ದು ಹುಲ್ಲು ಮೇಯಿತು.

ಹೊರಡುವ ದಿನ ಮಾಳಿಂಗ ಅಂಗೈಗೆ ಉಪ್ಪು ಹಾಕಿಕೊಂಡು ಗಗ್ಗರನ ಮುಂದೆ ನಿಂತ. ಅಷ್ಟು ಸೇವೆ ಮಾಡಿದ್ದ. ನೆಕ್ಕುತ್ತದೆ ಎಂದುಕೊಂಡಿದ್ದ.

ಗಗ್ಗರ ಮುಖ ತಿರುಗಿಸಿತು. ಆ ದಿನ ಅದಕ್ಕೆ ಬೇಡವಾಗಿತ್ತು, ಅಷ್ಟೇ.

ಮಾಳಿಂಗ ಗಟ್ಟಿಯಾಗಿ ನಕ್ಕ. "ಅಜ್ಜಿ, ನೋಡಿದ್ಯಾ? ಬೇಡ ಅಂದ!"

"ನೋಡಿದೆ ಕಣಪ್ಪ," ಎಂದು ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಎಲ್ಲರೂ ಸುಖವಾಗಿ ಬಾಳಿದರು. ಪ್ರಾಣಿಗಳು ಮೊದಲು, ಜನ ಆಮೇಲೆ.