ಅವಳ ಮುಂದೆ ಮಾತ್ರ ಕೂಗುವವನು

"ಅಮ್ಮಾ... ಸತ್ತೆ!"

ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಥೆರಪಿಸ್ಟ್ ಹುಡುಗಿಯ ಮುಖ ಕೆಂಪಾಯಿತು.

"ನಾನಿನ್ನೂ ಮುಟ್ಟೇ ಇಲ್ಲ!"

"ಮುಂಗಡ ಕೂಗು ಮೇಡಂ," ಅವಳೆದುರು ಕೈ ಚಾಚಿ ಕುಳಿತಿದ್ದ ಬಡಗಿ ಹಲ್ಲು ಕಿರಿದ.

ಉಳಿ ಜಾರಿ ಅವನ ತೋರುಬೆರಳು ಕುಯ್ದಿತ್ತು. ಗಾಯ ಮಾಗಿದರೂ ಬೆರಳು ಕೋಲಿನಂತೆ ಸೆಟೆದೇ ಇತ್ತು. ಅದು ಮಡಚದಿದ್ದರೆ ಅವನು ಮತ್ತೆ ಉಳಿ ಹಿಡಿಯುವಂತಿರಲಿಲ್ಲ.

ದಿನವೂ ಅವಳು ಬೆರಳನ್ನು ಇಷ್ಟಿಷ್ಟೇ ಬಗ್ಗಿಸುವಳು. ಅವನು ಕೂಗುವನು, ಕಣ್ಣೀರು ಸುರಿಸುವನು. ಮರುಕ್ಷಣವೇ, ತಾನು ಮೊದಲು ಮಾಡಿದ ಕುಂಟು ಕುರ್ಚಿಯಿಂದ ಮಾವ ಬಿದ್ದ ಕಥೆ ಹೇಳಿ ನಗಿಸುವನು. ನೋವಿನ ನಡುವೆ ಇಷ್ಟು ತಿಳಿಯಾಗಿ ನಗುವವನನ್ನು ಅವಳು ಕಂಡಿರಲಿಲ್ಲ. ಬೆಳಗಾದರೆ ಅವಳ ಕಣ್ಣು ತಾನಾಗಿ ಬಾಗಿಲಿನತ್ತ ಹೋಗುತ್ತಿತ್ತು.

ಒಂದು ದಿನ ಅವಳು ತಡವಾಗಿ ಬಂದಳು. ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ಥೆರಪಿಸ್ಟ್ ಅವನ ಬೆರಳು ಬಗ್ಗಿಸುತ್ತಿದ್ದರು. ಅವನು ತುಟಿಪಿಟಕ್ ಎನ್ನದೆ ಕುಳಿತಿದ್ದ!

'ನನ್ನ ಕೈಯೇ ಒರಟು... ಇಷ್ಟು ದಿನ ಹಿಂಸೆ ಕೊಟ್ಟೆನಲ್ಲ!'

ಮರುದಿನವೇ ಅವನನ್ನು ದೊಡ್ಡಕ್ಕನಿಗೆ ಒಪ್ಪಿಸಿಬಿಟ್ಟಳು. ಅವನು ಅವಳತ್ತ ನೋಡಿದ. ಅವಳು ತಲೆಯೆತ್ತಲಿಲ್ಲ.

ವಾರ ಕಳೆದ ಮೇಲೆ ದೊಡ್ಡಕ್ಕ ಅವಳನ್ನು ಅವನ ಮುಂದೆ ಎಳೆದು ತಂದರು.

"ನೋಡೇ, ನೀನು ಬಗ್ಗಿಸಿದಷ್ಟೂ ಮತ್ತೆ ಸೆಟೆದುಕೊಂಡಿದೆ!"

"ನಿಮ್ಮ ಹತ್ರ ಇವರು ಕೂಗೋದೇ ಇಲ್ಲವಲ್ಲ ಅಕ್ಕಾ..."

"ಹೆದರಿ ಬಾಯಿ ಕಟ್ಟಿದೆ ಕಣೇ! ಓದಿದ್ದೆಲ್ಲ ಮರೆತ್ಯಾ? ಮಿದುಳಲ್ಲಿ ಭಯ ಎದ್ರೆ ಸಣ್ಣ ನೋವೂ ಬೆಟ್ಟ ಆಗುತ್ತೆ. ನಂಬಿಕೆ ಇರೋರು ಮುಟ್ಟಿದ್ರೆ ಅದೇ ನೋವು ಇಳಿಯುತ್ತೆ. ನಾನು ಹತ್ರ ಬಂದ್ರೆ ಸಾಕು, ಈತ ಮೈಯೆಲ್ಲ ಬಿಗಿ ಹಿಡೀತಾನೆ, ಬೆರಳು ಹೇಗೆ ಬಗ್ಗುತ್ತೆ?"

ಅಷ್ಟು ಹೇಳಿ ಅವರು ಹೊರಟೇಹೋದರು.

"ನನಗೆ ಹೇಳಬಾರದಿತ್ತಾ?" ಅವಳು ಅವನತ್ತ ತಿರುಗಿದಳು.

"ನೀವೇ ಬೇಡ ಅಂದ್ಮೇಲೆ ಹೇಗೆ ಕೇಳಲಿ? ನನ್ನ ಕೂಗಾಟ ಸಾಕಾಯ್ತು ಅಂದ್ಕೊಂಡೆ."

"ನಾನು ತುಂಬಾ ನೋಯಿಸ್ತಿದ್ದೀನಿ ಅಂದ್ಕೊಂಡೆ..."

"ನೋಯುತ್ತೆ. ಆದ್ರೆ ನಿಮ್ಮ ಮುಂದೆ ಅಳೋಕೆ ನಾಚಿಕೆ ಆಗಲ್ಲ. ನಮ್ಮಮ್ಮನ ಮುಂದೆಯೂ ನಾನು ಹೀಗೆ ಅತ್ತಿಲ್ಲ." ಅವನು ತಡವರಿಸಿದ. "ಬೆರಳು ಸರಿಹೋದ್ಮೇಲೂ... ನೀವು ಬೇಕು."

ಅವಳು ಅವನ ಕೈ ತೆಗೆದುಕೊಂಡಳು. ಬೆರಳು ಮೆಲ್ಲನೆ ಬಾಗಿತು.

"ಸರಿಹೋದ್ಮೇಲೆ ಆಸ್ಪತ್ರೆಗೆ ಬರೋ ಹಾಗಿಲ್ಲ."

ಅವನ ಮುಖ ಬಾಡಿತು. "ಮತ್ತೆ?"

"ಮನೆಗೆ ಬನ್ನಿ. ಸಂಜೆ ಅಪ್ಪ ಇರ್ತಾರೆ."

"ಅಯ್ಯೋ... ಹೆದರಿಕೆ ಆಗುತ್ತೆ!"

"ನಾನು ಪಕ್ಕದಲ್ಲೇ ಕೂತಿರ್ತೀನಲ್ಲ..."