ಅಂಗೈಯಗಲದಲ್ಲಿ ಒಂದು ಶೂ

“ನಾಯಿ ಎಲ್ಲೇ?” ಎಡಿಟರ್ ಅಕ್ಕ ಹಾಳೆ ತಿರುಗಿಸಿ ನೋಡಿದಳು.

“ಬರುತ್ತೆ ಅಕ್ಕಾ. ಮೂರನೇ ಪುಟದಲ್ಲಿ.”

ಏಳನೇ ಕ್ಲಾಸಿನ ಎಡಿಟರ್ ಅಕ್ಕ ಶಾಲೆಯ ಗೋಡೆಪತ್ರಿಕೆಗೆ ಯಜಮಾನಿ. ಅದರಲ್ಲಿ ಉಳಿದಿದ್ದದ್ದು ಅಂಗೈಯಗಲದ ಜಾಗ. ಡ್ರಿಲ್ ನಡುವೆ ಹೆಡ್‌ಮಾಸ್ಟರು ಕಲ್ಲು ತೆಗೆಯಲು ಬಿಚ್ಚಿದ ಶೂವನ್ನು ನಾಯಿ ಕಚ್ಚಿಕೊಂಡು ಓಡಿದ್ದೇ ಸುದ್ದಿ.

ಬರೆದವಳಿಗೆ ಇಡೀ ಶಾಲೆ ‘ಆಮೇಲೆ’ ಎಂದೇ ಹೆಸರಿಟ್ಟಿತ್ತು. ಅವಳ ಮಾತು ರೈಲಿನಂತೆ. ‘ಆಮೇಲೆ’, ‘ಯಾಕಂದ್ರೆ’, ‘ಅದಕ್ಕೇ’ ಎಂಬ ಕೊಂಡಿಗಳಿಲ್ಲದೆ ಒಂದು ಡಬ್ಬಿಯೂ ಮುಂದೆ ಹೋಗದು.

“ನಾಳೆ ಬೆಲ್‌ಗೆ ಮುಂಚೆ ಚಿಕ್ಕದು ಮಾಡ್ಕೊಂಡು ಬಾ. ಇಲ್ಲಾಂದ್ರೆ ಅಲ್ಲಿ ಗಣಿತದ ಲೆಕ್ಕ ಹಾಕ್ತೀನಿ.”

“ಅಯ್ಯೋ, ಲೆಕ್ಕಾನಾ!”

ಮನೆಗೆ ಹೋಗುವಾಗ ಗೇಟಿನ ಹೊರಗೆ ಆ ಶೂ ಸಿಕ್ಕಿತು. ಮೈಯೆಲ್ಲ ಕೆಸರು. ಅಪ್ಪನದು ಲಾಂಡ್ರಿ ಅಂಗಡಿ. ಅವಳು ಶೂವನ್ನು ಒಳಕೋಣೆಯ ತೊಟ್ಟಿಯ ಪಕ್ಕ ಇಟ್ಟು, ಬರೆಯಲು ಕೂತಳು. ಪುಟ್ಟ ತಮ್ಮ ಶೂ ಸುತ್ತ ಸುಳಿದಾಡುತ್ತಿದ್ದ. ಒಂದು ಸಾಲು ಹೊಡೆದುಹಾಕಿದರೆ ಎರಡು ಸಾಲು ಹುಟ್ಟುತ್ತಿದ್ದವು.

ಬುಸ್ ಎಂಬ ಸದ್ದಿಗೆ ತಲೆಯೆತ್ತಿದಳು. ತೊಟ್ಟಿ ಇದ್ದಲ್ಲಿ ನೊರೆಯ ಗುಡ್ಡ! ಪಕ್ಕದಲ್ಲಿ ಸೋಪಿನ ಪೌಡರಿನ ಖಾಲಿ ಪ್ಯಾಕೆಟ್. ಅಪ್ಪನ ಬಳಿ ಓಡಿದಳು.

“ಅಪ್ಪಾ, ಏನಾಯ್ತು ಅಂದ್ರೆ, ನಾನು ಬರೀತಿದ್ನಾ, ಆಮೇಲೆ ತಮ್ಮ ಬಂದ್ನಾ, ಯಾಕಂದ್ರೆ ಅವನಿಗೆ ಶೂ...”

“ಹ್ಞೂಂ.” ಅಪ್ಪ ಇಸ್ತ್ರಿ ಹಾಕುತ್ತಿದ್ದ ಪ್ಯಾಂಟಿನಿಂದ ಕಣ್ಣೆತ್ತಲಿಲ್ಲ.

“ಅದಕ್ಕೇ ಅವನು, ಆಮೇಲೆ...”

“ಹ್ಞೂಂ.”

ನೊರೆ ಹೊಸ್ತಿಲು ದಾಟಿ ಅವಳ ಕಾಲಿಗೆ ತಾಗಿತು.

“ಪೌಡರ್ ಸುರಿದ! ನೊರೆ ಬಂತು! ತಮ್ಮ ಕಾಣ್ತಿಲ್ಲ!”

ಅಪ್ಪ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರು, ಓಡಿದರು, ಜಾರಿದರು, ಕೂತ ಭಂಗಿಯಲ್ಲೇ ಒಳಕೋಣೆ ತಲುಪಿದರು. ಅಲ್ಲಿ ತಮ್ಮ ನೊರೆಯ ಗಡ್ಡ ಹೊತ್ತು ಶೂ ಉಜ್ಜುತ್ತಿದ್ದ.

“ಮೊದಲೇ ಹೇಳೋಕೇನಾಗಿತ್ತೇ ನಿಂಗೆ?”

“ಹೇಳ್ತಾನೇ ಇದ್ನಲ್ಲಪ್ಪಾ!”

ಅವಳು ನೆಲ ಒರೆಸಿದಳು. ಒರೆಸಿ ಮುಗಿಸಿ, ಹೊಸ ಹಾಳೆ ತೆಗೆದುಕೊಂಡಳು.

ಬೆಳಿಗ್ಗೆ ಗೋಡೆಯ ಮೇಲೆ ಹೀಗಿತ್ತು: ‘ಸರ್ ಶೂ ಬಿಚ್ಚಿದರು. ನಾಯಿ ಬಂತು. ಶೂ ಹೋಯಿತು. ಡ್ರಿಲ್ ನಿಂತಿತು. ನಾಯಿ ನಿಲ್ಲಲಿಲ್ಲ.’

“ನಾಯಿ ಚಿತ್ರಕ್ಕೂ ಜಾಗ ಉಳೀತಲ್ಲೇ!” ಎಡಿಟರ್ ಅಕ್ಕ ನಕ್ಕಳು.

ಹಿಂದೆ ಚಪ್ಪಲಿಯ ಸದ್ದು. ಹೆಡ್‌ಮಾಸ್ಟರು!

“ಯಾರು ಬರೆದಿದ್ದು?”

ಅವಳ ನಾಲಿಗೆಯ ತುದಿಯಲ್ಲಿ ಇಡೀ ರೈಲು ಬಂದು ನಿಂತಿತ್ತು. ಅವಳು ಅವರ ಚಪ್ಪಲಿ ನೋಡಿದಳು.

“ನಾನು ಸರ್. ಶೂ ಸಿಕ್ತು. ತಮ್ಮ ತೊಳೆದ. ಒಣಗ್ತಿದೆ.”

ಹೆಡ್‌ಮಾಸ್ಟರು ಕಾದರು. ಇನ್ನೂ ಕಾದರು. “ಆಮೇಲೆ?” ಎಂದರು.

ಅವಳು ಹುಡುಕಿ ನೋಡಿದಳು. ಏನೂ ಬಾಕಿ ಇರಲಿಲ್ಲ.

“ಅಷ್ಟೇ ಸರ್.”